ದೂರು ಹೇಳುವುದೂ ನಮ್ಮ ಹಕ್ಕು

(ಕನ್ನಡ ಮಾಧ್ಯಮ ಶಾಲೆಗಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಾಠ)



ಪಾಲಕರ ಸಭೆ ಎಂದರೆ ಶಿಕ್ಷಕರು ಹೇಳುವುದು, ಪಾಲಕರು ಕೇಳುವುದು ಎಂಬ ರೂಢಿ ಬಿದ್ದಿದೆ. ಮಕ್ಕಳ ಹಾಜರಿ, ಅಂಕ, ಗಣವೇಷ, ಶುದ್ಧಬರಹ, ಇಷ್ಟಕ್ಕೆ ಸಭೆ ಮುಗಿಯುತ್ತದೆ. ಈ ಸಲ ಸಂಘಟಕರು ಬೇರೆ ವಿಷಯ ಕೊಟ್ಟಿದ್ದಾರೆ: ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಅಂಗಡಿಗಳಲ್ಲಿ ನಮಗೆ ಆಗುವ ತೊಂದರೆಯನ್ನು ನಾವು ಹೇಗೆ ಹೇಳಬೇಕು, ಎಲ್ಲಿ ಹೇಳಬೇಕು, ಎಷ್ಟು ಹೇಳಬಹುದು? ನಾನು ವಕೀಲನಲ್ಲ. ಬಿ.ಎಡ್. ಮುಗಿಸಿ ಖಡು ಹಿಡಿದವನು. ಆದರೆ ಗಡಿಭಾಗದ ಕನ್ನಡ ಶಾಲೆಯ ಶಿಕ್ಷಕನಿಗೆ ಪಾಠದ ಜೊತೆಗೆ ಪಾಲಕರ ಅರ್ಜಿ ಬರೆದುಕೊಡುವ ಕೆಲಸವೂ ತಪ್ಪಿದ್ದಲ್ಲ. ಹಾಗೆ ಬರೆಯುತ್ತ, ಓದುತ್ತ, ಕೇಳುತ್ತ ತಿಳಿದುಕೊಂಡ ನಾಲ್ಕು ಮಾತು ನಿಮ್ಮ ಮುಂದಿಡುತ್ತೇನೆ.

ನಮ್ಮ ಪಾಲಕರಲ್ಲಿ ಎರಡು ನಡತೆ ಕಾಣುತ್ತೇನೆ. ಕಚೇರಿಯ ಕಿಟಕಿಯ ಮುಂದೆ ನಿಂತಾಗ ಬಾಯಿ ಬರುವುದಿಲ್ಲ. ಮನೆಗೆ ಬಂದು ಮೊಬೈಲು ಕೈಗೆ ತೆಗೆದುಕೊಂಡರೆ ಬಾಯಿಗೆ ಲಗಾಮು ಇರುವುದಿಲ್ಲ. ಮಗ್ಗದ ಪಾಳಿ ಬಿಟ್ಟು, ಒಂದು ದಿನದ ಕೂಲಿ ಕಳೆದುಕೊಂಡು, ಮಗಳ ಶಿಷ್ಯವೃತ್ತಿಗೆ ಬೇಕಾದ ಉತ್ಪನ್ನದ ದಾಖಲೆಗಾಗಿ ತಂದೆ ಕಚೇರಿಗೆ ಹೋಗುತ್ತಾನೆ. "ನಾಳೆ ಬಾ" ಎನ್ನುತ್ತಾರೆ. ಮರುದಿನ "ಸಾಹೇಬರಿಲ್ಲ" ಎನ್ನುತ್ತಾರೆ. ಮೂರನೆಯ ದಿನ ಮರಾಠಿಯಲ್ಲಿ ಗದರಿಸುತ್ತಾರೆ. ಆತ ತಲೆ ತಗ್ಗಿಸಿ ಬರುತ್ತಾನೆ. ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಆ ಕಾರಕೂನನ ಫೋಟೋ ಹಾಕಿ, "ಇವ ಕಳ್ಳ, ಲಂಚಕೋರ" ಎಂದು ಬರೆಯುತ್ತಾನೆ. ಹತ್ತು ಮಂದಿ ಹೆಬ್ಬೆಟ್ಟು ಒತ್ತುತ್ತಾರೆ. ದಾಖಲೆ ಮಾತ್ರ ಬರುವುದಿಲ್ಲ, ಶಿಷ್ಯವೃತ್ತಿಯ ಅವಧಿ ಮುಗಿಯುತ್ತದೆ.

ಈ ತಂದೆಯ ಸಿಟ್ಟು ಸುಳ್ಳಲ್ಲ. ಆತನಿಗೆ ಅನ್ಯಾಯವಾಗಿದೆ. ಆದರೆ ಆತನ ಸಿಟ್ಟಿಗೆ ಉತ್ತರ ಕೊಡಬೇಕಾದವರು ಆ ಗುಂಪಿನಲ್ಲಿ ಇರಲಿಲ್ಲ. ಕಚೇರಿಯಲ್ಲಿ ಒಂದು ಕಾಗದವೂ ಉಳಿಯಲಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಸುಮ್ಮನಿರಬೇಡಿ, ಬೈಯಲೂ ಬೇಡಿ. ಉತ್ತರ ಕೊಡಲೇಬೇಕಾದವರ ಕೈಗೆ ಬರೆದು ಕೊಡಿರಿ, ಪೋಚ್ ಪಡೆಯಿರಿ.

ಮಾತಾಡುವ ಹಕ್ಕು ಎಷ್ಟು?

ಮೊದಲು ಭಯದ ಮಾತು. "ಸರ್ಕಾರದ ವಿರುದ್ಧ ಬರೆದರೆ ಪೊಲೀಸರು ಒಯ್ಯುತ್ತಾರೆ, ನಾವು ಬೇರೆ ಭಾಷೆಯವರು, ನಮಗೇಕೆ ಉಸಾಬರಿ" ಎಂದು ಹಲವರು ಹೇಳುತ್ತೀರಿ. ಸಂವಿಧಾನದ 19ನೆಯ ಅನುಚ್ಛೇದದ ಮೊದಲ ಖಂಡ ಪ್ರತಿಯೊಬ್ಬ ನಾಗರಿಕನಿಗೆ ಮಾತು ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಟ್ಟಿದೆ. ಅದೇ ಅನುಚ್ಛೇದದ ಎರಡನೆಯ ಖಂಡ ಯಾವ ಕಾರಣಗಳಿಗಾಗಿ ಅದಕ್ಕೆ ನಿರ್ಬಂಧ ಹಾಕಬಹುದೆಂದು ಎಣಿಸಿ ಹೇಳಿದೆ: ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಪರದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೀತಿ, ನ್ಯಾಯಾಲಯದ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿರಿ. "ಸಾಹೇಬರಿಗೆ ಬೇಸರವಾಯಿತು" ಎಂಬ ಕಾರಣ ಅದರಲ್ಲಿ ಇಲ್ಲ.

ಬೇಸರವನ್ನೇ ಅಪರಾಧವೆಂದ ಒಂದು ಕಾಯಿದೆಯ ಕಲಮು ಕೆಲವು ವರ್ಷ ನಮ್ಮ ದೇಶದಲ್ಲಿತ್ತು. ಮಾಹಿತಿ ತಂತ್ರಜ್ಞಾನ ಕಾಯಿದೆಗೆ ತಿದ್ದುಪಡಿಯಿಂದ ಸೇರಿಸಿದ 66-ಎ ಕಲಮು 2009ರಲ್ಲಿ ಜಾರಿಗೆ ಬಂದಿತು. ಗಣಕಯಂತ್ರದಿಂದಾಗಲಿ ಮೊಬೈಲಿನಿಂದಾಗಲಿ ಇನ್ನೊಬ್ಬರಿಗೆ ತೀರ ನೋವಾಗುವಂಥದನ್ನು ಕಳಿಸಿದರೆ ಮೂರು ವರ್ಷದವರೆಗೆ ಸೆರೆವಾಸ. ಕಿರಿಕಿರಿ ಮಾಡಬೇಕೆಂದು ಸುಳ್ಳು ಕಳಿಸಿದರೂ ಅದೇ ಶಿಕ್ಷೆ. ಕಿರಿಕಿರಿ ಎಂದರೇನು, ನೋವು ಎಂದರೇನು ಎಂಬುದಕ್ಕೆ ಅಳತೆಯೇ ಇರಲಿಲ್ಲ. 2012ರ ನವೆಂಬರಿನಲ್ಲಿ, ಬಾಳಾಸಾಹೇಬ ಠಾಕರೆಯವರು ತೀರಿಕೊಂಡ ಮರುದಿನ ಮುಂಬಯಿ ಬಂದಾದದ್ದನ್ನು ಪ್ರಶ್ನಿಸಿ ಪಾಲಘರದ ಒಬ್ಬ ಯುವತಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು. ಆಕೆಯ ಗೆಳತಿ ಅದನ್ನು ಮೆಚ್ಚಿ ಗುಂಡಿ ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು. ನಮ್ಮ ಮಹಾರಾಷ್ಟ್ರದಲ್ಲೇ ನಡೆದ ಈ ಬಂಧನ ದೇಶದಲ್ಲೆಲ್ಲ ಚರ್ಚೆಯಾಯಿತು. ಆ ಮೇಲೆ ಪೊಲೀಸ್ ಅಧಿಕಾರಿಗಳ ಮೇಲೆ ಕ್ರಮವೂ ಆಯಿತು, ಖಟ್ಲೆಯೂ ಮುಚ್ಚಿತು. ಶ್ರೇಯಾ ಸಿಂಘಲ್ ಎಂಬ ಕಾಯಿದೆಯ ವಿದ್ಯಾರ್ಥಿನಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಾಲಯ 66-ಎ ಕಲಮನ್ನು ಸಂಪೂರ್ಣ ರದ್ದು ಮಾಡಿತು. ಚರ್ಚೆ ಮಾಡುವುದು ಬೇರೆ, ಒಂದು ಪಕ್ಷ ಹಿಡಿದು ವಾದಿಸುವುದು ಬೇರೆ, ಜನರನ್ನು ಕೃತ್ಯಕ್ಕೆ ಕೆರಳಿಸುವುದು ಬೇರೆ; ಮೊದಲ ಎರಡನ್ನು ಸರ್ಕಾರ ತಡೆಯುವಂತಿಲ್ಲ, ಮೂರನೆಯದರ ಹಂತಕ್ಕೆ ಮುಟ್ಟಿದಾಗಲೇ ನಿರ್ಬಂಧದ ಮಾತು, ಎಂದು ನ್ಯಾಯಾಲಯ ಬಿಡಿಸಿ ಹೇಳಿತು. ರದ್ದಾದ ಮೇಲೂ ಕೆಲವು ಠಾಣೆಗಳಲ್ಲಿ ಅದೇ ಕಲಮನ್ನು ಹಚ್ಚುತ್ತಿದ್ದರು. ಹಾಗೆ ಮಾಡಕೂಡದೆಂದು ನ್ಯಾಯಾಲಯ 2022ರ ಅಕ್ಟೋಬರಿನಲ್ಲಿ ಮತ್ತೆ ಆದೇಶ ಕೊಡಬೇಕಾಯಿತು.

ಎರಡನೆಯ ಪ್ರಕರಣ ನಮ್ಮ ಮನೆಬಾಗಿಲಿನದು. ಹಾತಕಣಂಗಲೆ ಪೊಲೀಸ್ ಠಾಣೆಯದು. 2022ರ ಆಗಸ್ಟ್ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಕಾಲೇಜೊಂದರ ಪ್ರಾಧ್ಯಾಪಕರು ತಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಎರಡು ಮಾತು ಹಾಕಿದ್ದರು. ಜಮ್ಮು ಮತ್ತು ಕಾಶ್ಮೀರದ ಸ್ಥಾನಮಾನ ಬದಲಾದ ಆಗಸ್ಟ್ 5 ಕಪ್ಪು ದಿನ ಎಂಬುದು ಒಂದು. ಆಗಸ್ಟ್ 14ರಂದು ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯ ಎಂಬುದು ಇನ್ನೊಂದು. ಅವರು ಪಾಲಕರು ಮತ್ತು ಶಿಕ್ಷಕರು ಇದ್ದ ಒಂದು ವಾಟ್ಸಾಪ್ ಗುಂಪಿನ ಸದಸ್ಯರಾಗಿದ್ದರು. ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದರೆಂದು ಆಗಿನ ದಂಡ ಸಂಹಿತೆಯ 153-ಎ ಕಲಮಿನಂತೆ ಖಟ್ಲೆ ದಾಖಲಾಯಿತು. 2023ರ ಏಪ್ರಿಲಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಲು ಒಪ್ಪಲಿಲ್ಲ. 2024ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿತು. ಸರ್ಕಾರದ ನಿರ್ಧಾರವನ್ನು ಟೀಕಿಸುವ ಹಕ್ಕು ಪ್ರತಿ ನಾಗರಿಕನಿಗಿದೆ, ದುರ್ಬಲ ಮನಸ್ಸಿನವರು ಓದಿ ಏನೆಂದುಕೊಂಡಾರು ಎಂಬುದು ಅಳತೆಯಲ್ಲ, ತಿಳಿವಳಿಕೆಯುಳ್ಳ ಗಟ್ಟಿ ಮನಸ್ಸಿನವರ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದೇ ಅಳತೆ, ಎಂದಿತು. ಪೊಲೀಸರಿಗೂ ವಾಕ್‌ಸ್ವಾತಂತ್ರ್ಯದ ಪಾಠ ಹೇಳಿಕೊಡುವ ಕಾಲ ಬಂದಿದೆ ಎಂದಿತು.

ಆ ಪ್ರಾಧ್ಯಾಪಕರ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದೆ ಇರಬಹುದು. ಒಪ್ಪಿಗೆಯಾಗದ ಮಾತಿಗೂ ಕಾಯಿದೆಯ ನೆರಳು ಇದೆ ಎಂಬುದೇ ಇಲ್ಲಿಯ ಪಾಠ. ದೇಶದ ದೊಡ್ಡ ಪ್ರಶ್ನೆಯ ಮೇಲೆ ಅಷ್ಟು ಕಟುವಾಗಿ ಹೇಳಿದವರಿಗೆ ರಕ್ಷಣೆ ಇರುವಾಗ, "ನಮ್ಮ ಶಾಲೆಗೆ ಕನ್ನಡ ಶಿಕ್ಷಕರು ಯಾಕೆ ಬಂದಿಲ್ಲ" ಎಂದು ಕೇಳುವ ನಿಮಗೆ ಇಲ್ಲದೆ ಇರುತ್ತದೆಯೆ? ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಅವರು ಗೆದ್ದದ್ದು ನಿಜ. ಗೆಲ್ಲಲು ಹಾತಕಣಂಗಲೆಯಿಂದ ಮುಂಬಯಿಗೆ, ಮುಂಬಯಿಯಿಂದ ದಿಲ್ಲಿಗೆ, ಒಂದೂವರೆ ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು. ಕೂಲಿನಾಲಿ ಮಾಡುವ ಪಾಲಕರಿಗೆ ಅಷ್ಟು ದೂರದ ಗೆಲುವು ಎಟಕುವುದಿಲ್ಲ. ಈಗ 2025ರ ಆಗಸ್ಟ್ 18ರಿಂದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಕೊಲ್ಹಾಪುರದಲ್ಲೇ ಕುಳಿತಿದೆ, ಅಷ್ಟರ ಮಟ್ಟಿಗೆ ದಾರಿ ಹತ್ತಿರವಾಗಿದೆ. ಆದರೂ ನ್ಯಾಯಾಲಯದವರೆಗೆ ಹೋಗುವ ಪ್ರಸಂಗವೇ ಬಾರದಂತೆ ಬರೆಯುವುದು ಜಾಣತನ.

ಯಾವ ಗೆರೆ ದಾಟಬಾರದು?

ಮೊದಲನೆಯದು ಮಾನಹಾನಿ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 356ನೆಯ ಕಲಮಿನಂತೆ ಮಾನಹಾನಿ ಈಗಲೂ ಅಪರಾಧ. "ಈ ಕಚೇರಿಗೆ ಮೂರು ಸಲ ಹೋದೆ, ಮೂರು ಸಲವೂ ಕೆಲಸ ಆಗಲಿಲ್ಲ" ಎಂಬುದು ನಡೆದ ಸಂಗತಿ. "ಇವ ಲಂಚಕೋರ" ಎಂಬುದು ಆರೋಪ, ಸಾಕ್ಷಿ ಇಲ್ಲದಿದ್ದರೆ ಅದು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. ಆದರೆ ಅದೇ ಕಲಮಿನಲ್ಲಿ ಅಪವಾದಗಳೂ ಇವೆ. ಸರ್ಕಾರಿ ನೌಕರನು ತನ್ನ ಕೆಲಸ ನಿರ್ವಹಿಸಿದ ರೀತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳಿದರೆ ಮಾನಹಾನಿಯಲ್ಲ. ಅವನ ಮೇಲೆ ಅಧಿಕಾರವುಳ್ಳವರಿಗೆ ಸದ್ಭಾವನೆಯಿಂದ ದೂರು ಕೊಟ್ಟರೆ ಅದೂ ಮಾನಹಾನಿಯಲ್ಲ. ಅಂದರೆ ಮೇಲಧಿಕಾರಿಗೆ ಕೊಟ್ಟ ಕಾಗದಕ್ಕೆ ಕಾಯಿದೆಯೇ ಕೊಡೆ ಹಿಡಿದಿದೆ. ವಾಟ್ಸಾಪಿನಲ್ಲಿ ಹಾಕಿದ ಬೈಗುಳಕ್ಕೆ ಆ ಕೊಡೆ ಇಲ್ಲ.

ಎರಡನೆಯದು ಜಾತಿ-ಧರ್ಮ-ಭಾಷೆ. ಕಾರಕೂನನ ಮೇಲಿನ ಸಿಟ್ಟಿನಲ್ಲಿ ಅವನ ಜಾತಿ ಹಿಡಿದು, ಅವನ ಭಾಷೆ ಹಿಡಿದು ಮಾತಾಡಿದರೆ ನಿಮ್ಮ ದೂರು ಅಲ್ಲಿಗೆ ಸತ್ತಿತು. "ಈ ಮರಾಠಿಯವರೆಲ್ಲ ಹೀಗೇ" ಎಂದು ಬರೆದರೆ, ನಮ್ಮ ಮಕ್ಕಳ ಜೊತೆ ಆಡುವ, ನಮ್ಮ ಓಣಿಯಲ್ಲಿರುವ, ಕಷ್ಟಕ್ಕಾಗುವ ನೂರು ಮರಾಠಿ ಮನೆಗಳನ್ನು ನೋಯಿಸಿದಂತೆ. ಕೆಲಸ ತಡ ಮಾಡಿದವನು ಒಬ್ಬ, ಬೈಗುಳ ತಿಂದವರು ಎಲ್ಲರೂ. 2023ರ ಜೂನ್ 7ರಂದು ಕೊಲ್ಹಾಪುರದಲ್ಲಿ ಏನಾಯಿತೆಂದು ನೀವು ಕಂಡಿದ್ದೀರಿ. ಮೊಬೈಲಿನಲ್ಲಿ ಹಾಕಿದ ಕೆಲವು ಸ್ಟೇಟಸ್ಸುಗಳಿಂದ ಸುರುವಾಗಿ ಬಂದ್, ಕಲ್ಲುತೂರಾಟ, ಲಾಠಿ ಪ್ರಹಾರದವರೆಗೆ ಹೋಯಿತು, ಇಂಟರ್‌ನೆಟ್ ಸೇವೆಯನ್ನೇ ನಿಲ್ಲಿಸಬೇಕಾಯಿತು. ಮನೆಯಲ್ಲಿ ಮಕ್ಕಳ ಕೈಯಲ್ಲಿ ಮೊಬೈಲು ಇರುವವರು ಈ ಸಂಗತಿಯನ್ನು ಮಕ್ಕಳಿಗೆ ಕೂಡಿಸಿಕೊಂಡು ಹೇಳಬೇಕು.

ಮೂರನೆಯದು ಕೈ ಎತ್ತುವುದು, ಬೆದರಿಕೆ ಹಾಕುವುದು. ಕರ್ತವ್ಯದಲ್ಲಿರುವ ನೌಕರನ ಮೈ ಮುಟ್ಟಿದರೆ ಅದು ಗಂಭೀರ ಅಪರಾಧ. ನ್ಯಾಯ ನಿಮ್ಮ ಕಡೆಗಿದ್ದರೂ ಆರೋಪಿ ನೀವೇ ಆಗುತ್ತೀರಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಗುಂಪು ನಡೆಸುವವರಿಗೂ ಒಂದು ಮಾತು. ಸದಸ್ಯನೊಬ್ಬ ಏನಾದರೂ ಹಾಕಿದರೆ ಗುಂಪಿನ ಅಡ್ಮಿನ್ ಜೈಲಿಗೆ ಹೋಗುತ್ತಾನೆ ಎಂಬ ಸುದ್ದಿ ಹಬ್ಬಿ, ಅನೇಕರು ಪಾಲಕರ ಗುಂಪನ್ನೇ ಮುಚ್ಚಿದರು. ಅಡ್ಮಿನ್ ಮತ್ತು ಸದಸ್ಯ ಕೂಡಿ ಸಂಚು ಮಾಡಿದ್ದರ ಹೊರತು, ಸದಸ್ಯನ ಬರಹಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2021ರಲ್ಲಿ ಹೇಳಿದೆ. ಗುಂಪು ಇರಲಿ. ಆದರೆ ಮಕ್ಕಳ ಆಧಾರ ಪತ್ರ, ಜಾತಿ ದಾಖಲೆ, ಫೋಟೋ ಅದರಲ್ಲಿ ಹಾಕಬೇಡಿ.

ಕನ್ನಡದಲ್ಲಿ ದೂರು ಕೊಡಬಹುದೆ?

ಕೊಡಬಹುದು. ಇದನ್ನು ಗಡಿಭಾಗದ ಪ್ರತಿ ಪಾಲಕರೂ ಬಾಯಿಪಾಠ ಮಾಡಬೇಕು. ಸಂವಿಧಾನದ 350ನೆಯ ಅನುಚ್ಛೇದದಂತೆ, ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಲು ಪ್ರತಿಯೊಬ್ಬನಿಗೂ ಹಕ್ಕಿದೆ. "ಕನ್ನಡದ ಅರ್ಜಿ ತೆಗೆದುಕೊಳ್ಳುವುದಿಲ್ಲ" ಎಂದು ಕಿಟಕಿಯಲ್ಲಿ ಹೇಳಿದರೆ ಈ ಅನುಚ್ಛೇದದ ಸಂಖ್ಯೆಯನ್ನು ನಯವಾಗಿ ಹೇಳಿರಿ.

ಇನ್ನೂ ಎರಡು ಅನುಚ್ಛೇದಗಳು 1956ರ ಏಳನೆಯ ತಿದ್ದುಪಡಿಯಿಂದ ಬಂದವು. 350-ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಯತ್ನಿಸಬೇಕು. 350-ಬಿ: ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿಗಳು ವಿಶೇಷ ಅಧಿಕಾರಿಯನ್ನು ನೇಮಿಸಬೇಕು, ಅವರ ವರದಿ ಸಂಸತ್ತಿನ ಮುಂದೆ ಹೋಗಬೇಕು. ಆ ಅಧಿಕಾರಿಗೆ ಆದೇಶ ಹೊರಡಿಸುವ ಬಲವಿಲ್ಲ, ಶಿಫಾರಸು ಮಾಡುವ ಬಲ ಮಾತ್ರ ಇದೆ. ಆದರೆ ನಾವು ಬರೆಯದಿದ್ದರೆ ಅವರ ವರದಿಯಲ್ಲಿ ನಮ್ಮ ಊರು ಬರುವುದಾದರೂ ಹೇಗೆ? ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಮಾತೃಭಾಷೆಯಲ್ಲಿ ಕಲಿಸುವ ಶಿಕ್ಷಕರನ್ನು ಕೊಡಬೇಕೆಂಬ ಮಾನದಂಡ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದದ್ದು. ಶಿಕ್ಷಕರ ಜಾಗ ಖಾಲಿ ಬಿದ್ದಾಗ ನಿಮ್ಮ ಅರ್ಜಿಯಲ್ಲಿ ಈ ಅಂಕಿಗಳು ಇರಲಿ.

ವ್ಯವಹಾರದ ಮಾತನ್ನೂ ಹೇಳಬೇಕು. 350ನೆಯ ಅನುಚ್ಛೇದ ಕನ್ನಡದಲ್ಲಿ ಕೊಡುವ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಹೇಳಿಲ್ಲ. ಆದ್ದರಿಂದ ಕನ್ನಡದ ಅರ್ಜಿಗೆ ಮರಾಠಿ ಅನುವಾದ ಜೋಡಿಸಿ ಕೊಡಿರಿ. ನಮ್ಮ ಶಾಲೆಯಲ್ಲಿ ಮರಾಠಿ ಕಲಿಯುವ ಮಕ್ಕಳೇ ಅನುವಾದ ಮಾಡಿಕೊಡಬಲ್ಲರು. ಇದರಿಂದ ನಮ್ಮ ಭಾಷೆಗೆ ಕುಂದಿಲ್ಲ, ಕಾಗದ ಬೇಗ ಸಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಬೇರೆ: ಆ ಕಾಯಿದೆಯಂತೆ ಇಲ್ಲಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲೇ ಬರೆಯಬೇಕು. ಬರೆಯಲು ಬಾರದವರು ಬಾಯಿಂದ ಹೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ.

ಯಾವ ದೂರು ಯಾರಿಗೆ?

ಮೊದಲು ಬಾಗಿಲು ತಿಳಿಯಬೇಕು. ಕೊಲ್ಹಾಪುರ ನಗರದೊಳಗಿನ ಪಾಲಿಕೆಯ ಶಾಲೆಯ ಮಾತು ಮಹಾನಗರಪಾಲಿಕೆಗೆ. ಇಚಲಕರಂಜಿಯೂ 2022ರಿಂದ ಮಹಾನಗರಪಾಲಿಕೆಯೇ. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳ ಶಾಲೆಯ ಮಾತು ಪಂಚಾಯತ ಸಮಿತಿಯ ಗಟಶಿಕ್ಷಣಾಧಿಕಾರಿಗೆ, ಅಲ್ಲಿಂದ ಜಿಲ್ಲಾ ಪರಿಷತ್ತಿಗೆ. ತಪ್ಪು ಬಾಗಿಲಿಗೆ ಹೋದ ಅರ್ಜಿ ತಿಂಗಳುಗಟ್ಟಲೆ ಅಲೆಯುತ್ತದೆ.

ಶಾಲೆಗೆ ಸಂಬಂಧಿಸಿದ ದೂರಿಗೆ ಶಿಕ್ಷಣ ಹಕ್ಕು ಕಾಯಿದೆ 2009 ನಿಮ್ಮ ಆಧಾರ. ಅದರ 32ನೆಯ ಕಲಮಿನಂತೆ ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳೊಳಗೆ ಅದನ್ನು ನಿರ್ಣಯಿಸಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಬಾಲಹಕ್ಕು ಆಯೋಗಕ್ಕೆ ಮೇಲ್ಮನವಿ. ಸಾಧ್ಯವಿದ್ದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಅದೇ ಕಾಯಿದೆಯ 29ನೆಯ ಕಲಮು ಹೇಳುತ್ತದೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂಬ ನಿಯಮವೂ ಇದರಲ್ಲಿದೆ. ಪುಸ್ತಕ ತಡವಾದರೆ, ಶಿಕ್ಷಕರ ಜಾಗ ಖಾಲಿ ಇದ್ದರೆ, ಒಬ್ಬ ತಂದೆಯ ಅರ್ಜಿಗಿಂತ ಸಮಿತಿಯ ಠರಾವಿಗೆ ತೂಕ ಹೆಚ್ಚು. ಸಭೆಗೆ ಬಾರದೆ ಸಹಿ ಮಾತ್ರ ಮಾಡಿ ಹೋಗುವ ಸದಸ್ಯರು ಈ ಮಾತು ನೆನಪಿಡಬೇಕು.

ದಾಖಲೆ-ಪ್ರಮಾಣಪತ್ರಗಳಿಗೆ ಮಹಾರಾಷ್ಟ್ರ ಲೋಕಸೇವಾ ಹಕ್ಕು ಅಧಿನಿಯಮ 2015 ಇದೆ. ಯಾವ ಸೇವೆ ಎಷ್ಟು ದಿನದಲ್ಲಿ ಕೊಡಬೇಕು, ಯಾರು ಕೊಡಬೇಕು, ಮೇಲ್ಮನವಿ ಯಾರಿಗೆ ಎಂಬುದನ್ನು ಪ್ರತಿ ಕಚೇರಿ ಫಲಕದಲ್ಲಿ ಬರೆದು ಹಾಕಬೇಕು. ಅರ್ಜಿ ಕೊಟ್ಟಾಗ ಪೋಚ್ ಕೊಡಬೇಕು. ಅವಧಿ ಮುಗಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಎರಡನೆಯದು, ಆ ಮೇಲೆ ಲೋಕಸೇವಾ ಹಕ್ಕು ಆಯೋಗ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ 500ರಿಂದ 5,000 ರೂಪಾಯಿಯವರೆಗೆ ದಂಡ ಹಾಕಬಹುದು. ಮೂರು ಸಲ ತಿರುಗಿದ ಆ ತಂದೆಗೆ ಬೇಕಾಗಿದ್ದುದು ಇದೇ ದಾರಿ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ತಿಂಗಳ ಮೊದಲ ಸೋಮವಾರ ನಡೆಯುವ ಲೋಕಶಾಹಿ ದಿನವೂ ಇದೆ.

ಮಾಹಿತಿ ಹಕ್ಕು ಕಾಯಿದೆ 2005 ನಿಮಗೆ ಗೊತ್ತೇ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ಇದರಲ್ಲಿ ನಮ್ಮವರು ಕೇಳುವ ರೀತಿ ಸರಿಯಾಗುತ್ತಿಲ್ಲ. "ನಮ್ಮ ಶಾಲೆಯ ಕಡೆ ಯಾಕೆ ದುರ್ಲಕ್ಷ್ಯ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಈ ಕಾಯಿದೆ ಕಡತದಲ್ಲಿ ಇರುವುದನ್ನು ಕೊಡುತ್ತದೆಯೇ ಹೊರತು ಸಮಜಾಯಿಷಿ ಕೊಡುವುದಿಲ್ಲ. ಹೀಗೆ ಕೇಳಿರಿ: ಈ ಶಾಲೆಗೆ ಮಂಜೂರಾದ ಕನ್ನಡ ಮಾಧ್ಯಮ ಶಿಕ್ಷಕರ ಜಾಗ ಎಷ್ಟು? ಖಾಲಿ ಎಷ್ಟು, ಯಾವ ದಿನಾಂಕದಿಂದ? ತುಂಬುವ ಬಗ್ಗೆ ಕಳಿಸಿದ ಪ್ರಸ್ತಾವದ ನಕಲು ಕೊಡಿರಿ. ಆಗ ಉತ್ತರ ಬರಲೇಬೇಕು, ಆ ಉತ್ತರವೇ ಮುಂದಿನ ದೂರಿಗೆ ಸಾಕ್ಷಿ.

ಇನ್ನು ಬ್ಯಾಂಕು, ಅಂಗಡಿ, ವಿದ್ಯುತ್ತು. ಶಿಷ್ಯವೃತ್ತಿಯ ಹಣ ಖಾತೆಗೆ ಬಂದು ಸಿಲುಕಿಕೊಂಡರೆ ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಸಮಾಧಾನವಾಗದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು, ಅದಕ್ಕೆ ಶುಲ್ಕವಿಲ್ಲ. ಕೊಂಡ ವಸ್ತು ಕೆಟ್ಟದ್ದಾದರೆ, ಕೊಟ್ಟ ಮಾತಿನಂತೆ ಸೇವೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿರಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಇಚಲಕರಂಜಿಯ ಮಗ್ಗದ ಮನೆಗಳಿಗೆ ಬಿಲ್ಲಿನ ತಕರಾರು ಹೊಸದಲ್ಲ. ವಿದ್ಯುತ್ ಕಾಯಿದೆ 2003ರಂತೆ ಪ್ರತಿ ವಿತರಣಾ ಕಂಪನಿಗೂ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಲೋಕಪಾಲರು ಇರಲೇಬೇಕು. ಬಿಲ್ಲಿನ ಹಿಂಬದಿಯನ್ನೂ ಓದುವ ರೂಢಿ ಇಟ್ಟುಕೊಳ್ಳಿರಿ.

ಅರ್ಜಿ ಹೇಗಿರಬೇಕು?

ನಿಬಂಧ ಬರೆಯುವ ಮಕ್ಕಳಿಗೆ ನಾವು ಹೇಳುವುದನ್ನೇ ಹೇಳುತ್ತೇನೆ: ಚಿಕ್ಕದಾಗಿ, ಕ್ರಮವಾಗಿ, ಬೇಕಾದದ್ದು ಮಾತ್ರ. ಐದು ಸಂಗತಿ ಇರಲಿ. ನೀವು ಯಾರು, ಏನು ಕೇಳಿದ್ದಿರಿ, ಯಾವ ದಿನಾಂಕಕ್ಕೆ ಏನಾಯಿತು, ಯಾವ ನಿಯಮದಂತೆ ಅದು ಆಗಬೇಕಿತ್ತು, ಈಗ ಏನು ಆಗಬೇಕು. ಉದಾಹರಣೆಗೆ:

"ಮಾನ್ಯರೆ, ನನ್ನ ಮಗಳ ಶಿಷ್ಯವೃತ್ತಿಗಾಗಿ ಉತ್ಪನ್ನದ ದಾಖಲೆ ಬೇಡಿ ಇಂಥ ದಿನಾಂಕಕ್ಕೆ ಅರ್ಜಿ ಕೊಟ್ಟಿದ್ದೇನೆ. ಪೋಚ್ ಕ್ರಮಾಂಕ ಇಂಥದು. ತಮ್ಮ ಕಚೇರಿಯ ಫಲಕದಲ್ಲಿ ತೋರಿಸಿದ ಅವಧಿ ಮುಗಿದು ಇಷ್ಟು ದಿನಗಳಾದವು. ಈ ನಡುವೆ ಇಂಥಿಂಥ ದಿನಗಳಂದು ಖುದ್ದಾಗಿ ಬಂದಿದ್ದೆ. ಶಿಷ್ಯವೃತ್ತಿಯ ಕೊನೆಯ ದಿನಾಂಕ ಹತ್ತಿರ ಬಂದಿದೆ. ಲೋಕಸೇವಾ ಹಕ್ಕು ಅಧಿನಿಯಮದಂತೆ ಇದನ್ನು ಮೊದಲ ಮೇಲ್ಮನವಿ ಎಂದು ತಿಳಿದು, ದಾಖಲೆ ಕೊಡಿಸಬೇಕೆಂದು ವಿನಂತಿ."

ಇದರಲ್ಲಿ ಒಂದೂ ಬೈಗುಳವಿಲ್ಲ. ಆದರೆ ಬೈಗುಳಕ್ಕಿಂತ ಹರಿತವಾಗಿದೆ. ಬೈದವನಿಗೆ ತಿರುಗಿ ಬೈಯಬಹುದು, ದಿನಾಂಕಕ್ಕೆ ತಿರುಗಿ ಬೈಯಲು ಬರುವುದಿಲ್ಲ. ಎರಡು ಪ್ರತಿ ಮಾಡಿರಿ. ಒಂದನ್ನು ಆವಕ ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಶಿಕ್ಕಾ, ಸಹಿ, ದಿನಾಂಕ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಿಂದ ಕಳಿಸಿ, ರಸೀದಿ ಇಟ್ಟುಕೊಳ್ಳಿರಿ. ಆ ಮೇಲೆ ವಾಟ್ಸಾಪಿನಲ್ಲಿ ಹಾಕುವುದಿದ್ದರೆ ಈ ಶಿಕ್ಕೆಯ ಪ್ರತಿಯನ್ನು ಹಾಕಿರಿ, ಖಾಸಗಿ ವಿವರ ಮುಚ್ಚಿ. ಅದನ್ನು ನೋಡಿ ಇನ್ನೂ ನಾಲ್ಕು ಜನ ಬರೆಯುತ್ತಾರೆ. ಸಾರ್ವಜನಿಕ ಮಾತು ಬೇಡವೆಂದು ನಾನು ಹೇಳುತ್ತಿಲ್ಲ. ಕಾಗದ ಮೊದಲು, ಮಾತು ಆ ಮೇಲೆ.

"ಇಷ್ಟೆಲ್ಲ ಮಾಡಿದರೂ ಆಗದಿದ್ದರೆ?" ಎಂದು ಕೇಳುವಿರಿ. ಕೆಲವು ಸಲ ಆಗುವುದಿಲ್ಲ. ಆಯೋಗಗಳಲ್ಲೂ ತಡವಾಗುತ್ತದೆ. ಆದರೆ ಶಿಕ್ಕೆ ಬಿದ್ದ ಒಂದು ಕಾಗದ ಮುಂದಿನ ವರ್ಷದ ಪಾಲಕರಿಗೂ ಉಪಯೋಗಕ್ಕೆ ಬರುತ್ತದೆ. ವಾಟ್ಸಾಪಿನ ಸಿಟ್ಟು ಮರುದಿನದ "ಶುಭೋದಯ"ದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ.

ಕೊನೆಯದಾಗಿ ಒಂದು ನೆನಪು. ಪ್ರಾಧ್ಯಾಪಕರ ಖಟ್ಲೆ ದಾಖಲಾದ ಹಾತಕಣಂಗಲೆ ತಾಲೂಕಿನಲ್ಲೇ ಮಾಣಗಾಂವ ಇದೆ. 1920ರ ಮಾರ್ಚಿನಲ್ಲಿ ರಾಜರ್ಷಿ ಶಾಹೂ ಮಹಾರಾಜರೂ ಡಾ. ಬಾಬಾಸಾಹೇಬ ಅಂಬೇಡ್ಕರರೂ ಒಂದೇ ವೇದಿಕೆಯಲ್ಲಿ ಕೂಡಿದ್ದ ಪರಿಷತ್ತು ಅಲ್ಲಿ ನಡೆಯಿತು. ಅದಕ್ಕೆ ಎರಡು ತಿಂಗಳು ಮೊದಲು, ಜನೆವರಿ 31ರಂದು, ಅಂಬೇಡ್ಕರರು ಪತ್ರಿಕೆಯೊಂದನ್ನು ಆರಂಭಿಸಿದ್ದರು. ಮಹಾರಾಜರು ಅದಕ್ಕೆ ಧನಸಹಾಯ ಮಾಡಿದ್ದರು. ಪತ್ರಿಕೆಯ ಹೆಸರು 'ಮೂಕನಾಯಕ'. ಬಾಯಿಲ್ಲದವರ ಪರವಾಗಿ ಒಬ್ಬರು ಮಾತಾಡಬೇಕಾದ ಕಾಲ ಅದು. ಸಂವಿಧಾನ ಬಂದ ಮೇಲೆ ಪ್ರತಿಯೊಬ್ಬನ ಬಾಯಿಗೂ ಹಕ್ಕು ಬಂತು, ಅವರವರ ಭಾಷೆಯಲ್ಲೇ ಬಂತು. ಆ ಹಕ್ಕನ್ನು ಮೂಕರಂತೆ ಮಡಿಚಿಡುವುದೂ ಬೇಡ, ಹೊಲಸು ಮಾತಿನಲ್ಲಿ ಖರ್ಚು ಮಾಡುವುದೂ ಬೇಡ.

ಈ ತಿಂಗಳು ಮೂರು ಕೆಲಸ ಮಾಡೋಣ. ಪ್ರತಿ ಶಾಲೆಯಲ್ಲಿ ಪಾಲಕರ ಅರ್ಜಿಗಳ ಒಂದು ನೋಂದಣಿ ವಹಿ ಇರಲಿ. ಕನ್ನಡದಿಂದ ಮರಾಠಿಗೆ ಅರ್ಜಿ ಬರೆದುಕೊಡಬಲ್ಲ ಇಬ್ಬರು ಪಾಲಕರನ್ನು ಸಮಿತಿ ಗೊತ್ತು ಮಾಡಲಿ. ಖಾಲಿ ಇರುವ ಶಿಕ್ಷಕರ ಜಾಗದ ಬಗ್ಗೆ ಮಾಹಿತಿ ಹಕ್ಕಿನ ಒಂದು ಅರ್ಜಿ ಪ್ರತಿ ಶಾಲೆಯಿಂದ ಹೋಗಲಿ. ಮನೆಯಲ್ಲಿ ಅಪ್ಪ-ಅವ್ವ ಅಧಿಕಾರಿಯ ಮುಂದೆ ನಡುಗದೆ, ಹಿಂದೆ ಬೈಯದೆ, ಕುಳಿತು ಬರೆಯುವುದನ್ನು ಮಕ್ಕಳು ನೋಡಲಿ. ಪೌರನೀತಿಯ ಪಾಠವನ್ನು ನಾವು ಶಾಲೆಯಲ್ಲಿ ಎಷ್ಟು ಹೇಳಿದರೂ ಅದಕ್ಕೆ ಸಮನಾಗದು.